ಲೈಬ್ರರಿಯಿಂದ ಊರಿಗೇನು ಉಪಯೋಗ? ಗುರುವಾರ ಸಭೆಯಲ್ಲಿ ಹೇಳ್ಬೇಕು, ಸಹಾಯ ಮಾಡಿ

ಜೆರಾಕ್ಸ್ ಅಂಗಡಿ
ಊರಿನ ಹೆಸರು ಬರೆಯಲ್ಲ. ಕೊಬ್ಬರಿ ಸೀಮೆಯ ಒಂದು ತಾಲ್ಲೂಕು ಕೇಂದ್ರ ಅಂದ್ಕೊಳ್ಳಿ. ನಮ್ಮ ಶಾಖಾ ಗ್ರಂಥಾಲಯ ಇರೋದು ಒಂದು ಬಾಡಿಗೆ ಮನೆಯ ಮೊದಲ ಮಹಡೀಲಿ, ಎದುರಿಗೇ ನನ್ನ ಜೆರಾಕ್ಸ್ ಅಂಗಡಿ. ಮಾಲೀಕರು ಮನೆ ಕೆಡವಿ ಮಳಿಗೆ ಕಟ್ಟಿಸ್ತಾರಂತೆ, ಯುಗಾದಿ ಒಳಗೆ ಖಾಲಿ ಮಾಡಿ ಅಂದಿದ್ದಾರೆ. ಪುರಸಭೆಯ ಹಳೇ ಕಟ್ಟಡದಲ್ಲಿ ಎರಡು ಕೋಣೆ ಬೀಗ ಹಾಕಿ ಬಿದ್ದಿವೆ. ಅದನ್ನ ಕೊಡ್ಸಿ ಅಂತ ಒಬ್ಬ ಸದಸ್ಯರ ಮನೆಗೆ ಹೋದ್ವಿ. ಕಾಫಿ ಕೊಟ್ರು. ಆಮೇಲೆ "ಅಲ್ರೀ, ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಲೈಬ್ರರಿಯಿಂದ ಊರಿಗೇನು ಉಪಯೋಗ, ನೀವೇ ಹೇಳಿ" ಅಂದ್ರು. ನಿಜ ಹೇಳ್ತೀನಿ, ಥಟ್ ಅಂತ ಏನೂ ಹೊಳೀಲಿಲ್ಲ.

ಗುರುವಾರ ಬಜೆಟ್ ಪೂರ್ವಭಾವಿ ಸಭೆ. ಮೂರ್ನಾಲ್ಕು ನಿಮಿಷ ಮಾತಾಡೋಕೆ ಸಿಗಬಹುದು. "ಜ್ಞಾನ ದೇಗುಲ", "ದೇಶ ಸುತ್ತು ಕೋಶ ಓದು" ಅಂದ್ರೆ ನಗ್ತಾರೆ. ಕೈಗೆ ಸಿಗೋ ಅಂಥದ್ದು ಬೇಕು.

ಅಂಗಡೀಲಿ ಕೂತು ನಾನು ನೋಡೋದು ಇಷ್ಟು. ಬೆಳಗ್ಗೆ ಬಾಗಿಲು ತೆಗೆಯೋ ಮುಂಚೇನೇ ನಾಲ್ಕೈದು ಹಿರಿಯರು ಮೆಟ್ಟಿಲ ಮೇಲೆ ಕೂತಿರ್ತಾರೆ. ಪೇಪರ್ ಬಿಚ್ಚಿದ ಕೂಡಲೇ ಹಾಳೆ ಹಂಚ್ಕೋತಾರೆ: ಒಬ್ಬರಿಗೆ ಮುಖಪುಟ, ಒಬ್ಬರಿಗೆ ಕೊಬ್ಬರಿ ಧಾರಣೆ, ಇನ್ನೊಬ್ಬರಿಗೆ ನಿಧನ ವಾರ್ತೆ. ಮಧ್ಯಾಹ್ನ ಎರಡೂವರೆಗೆ ಪಕ್ಕದ ಹೋಟೆಲ್ ಸಪ್ಲೈಯರ್ ಹುಡುಗ ಬರ್ತಾನೆ. ಊಟದ ಗಲಾಟೆ ಮುಗಿದು ಸಂಜೆ ತಿಂಡಿ ಶುರುವಾಗೋ ತನಕ ಅವನಿಗೆ ಬಿಡುವು. ಕೈ ಒದ್ದೆ ಅಂತ ಪ್ಯಾಂಟಿಗೆ ಎರಡೆರಡು ಸಲ ಒರೆಸ್ಕೊಂಡೇ ಪುಸ್ತಕ ಮುಟ್ಟೋದು. ಪಿಯುಸಿ ಫೇಲು, ಈಗ ಪ್ರೈವೇಟಾಗಿ ಕಟ್ಟಿದಾನೆ. ಇದನ್ನೆಲ್ಲ ಸಭೇಲಿ ಹೇಗೆ ಹೇಳೋದು?

ಸುಮ್ನೆ ಒಬ್ಬ
ಎದುರಿಗೆ ಜೆರಾಕ್ಸ್ ಅಂಗಡಿ ಇಟ್ಟೋರಿಗೆ ಲೈಬ್ರರಿ ಬೇಕೇ ಬೇಕು ಬಿಡಿ ಸಾರ್.

ಜೆರಾಕ್ಸ್ ಅಂಗಡಿ
ಹಳೇ ಕಟ್ಟಡ ಇರೋದು ಇನ್ನೊಂದು ಬೀದೀಲಿ ಸ್ವಾಮಿ. ಗೆದ್ರೆ ಗಿರಾಕಿಗಳೂ ಅಲ್ಲಿಗೇ ಹೋಗ್ತಾರೆ. ನನಗೆ ನಷ್ಟಾನೇ.

ಕಂದಾಯ ರಸೀದಿ
ನಿಮ್ಮ ಮನೆ ಕಂದಾಯದ ರಸೀದಿ ತೆಗೆದು ನೋಡಿ. ತೆರಿಗೆ ಕೆಳಗೆ ಆರೋಗ್ಯ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ ಅಂತ ಸಾಲಾಗಿ ಇರುತ್ತೆ. ಗ್ರಂಥಾಲಯದ್ದು ನೂರಕ್ಕೆ 6. ಅಂದ್ರೆ 2,400 ರೂಪಾಯಿ ತೆರಿಗೆ ಕಟ್ಟೋ ಮನೆಯವರು ಲೈಬ್ರರಿಗೆ ಅಂತ್ಲೇ ವರ್ಷಕ್ಕೆ 144 ರೂಪಾಯಿ ಕೊಡ್ತಿದ್ದಾರೆ, ಮೆಟ್ಟಿಲು ಹತ್ತಲಿ ಬಿಡಲಿ. ಉಪಯೋಗದ ಮಾತು ಆಮೇಲೆ. ದುಡ್ಡು ಆಗಲೇ ವಸೂಲಾಗಿದೆ, ಎಲ್ಲಿ ಅಂತ ಕೇಳಿ. ರಸೀದಿ ಜೆರಾಕ್ಸ್ ಮಾಡ್ಕೊಂಡು ಹೋಗಿ, ನಿಮಗಂತೂ ಪುಕ್ಕಟೆ.

ಸುಮ್ನೆ ಒಬ್ಬ
ಭಿಕ್ಷುಕರ ಕರ ಅಂತಾನೂ ಇದೆಯಾ!!

ಕಂದಾಯ ರಸೀದಿ
ಇದೆ. ನೂರಕ್ಕೆ 3. ಲೈಬ್ರರಿಗೆ ಅದರ ಎರಡರಷ್ಟು, ಖುಷಿ ಪಡಿ.

ಮಾಜಿ ಲೈಬ್ರರಿ ನೌಕರ
ಮೇಲಿನವರು ಸರಿಯಾಗಿ ಹೇಳಿದ್ದಾರೆ, ಆದ್ರೆ ಒಂದು ತಿದ್ದುಪಡಿ. ಆ ಕರ ಪುರಸಭೆ ಖರ್ಚು ಮಾಡೋಕೆ ಅಲ್ಲ. ಸ್ಥಳೀಯ ಸಂಸ್ಥೆ ವಸೂಲು ಮಾಡಿ ಗ್ರಂಥಾಲಯ ಪ್ರಾಧಿಕಾರಕ್ಕೆ ಕಟ್ಟಬೇಕು. 1965ರ ಗ್ರಂಥಾಲಯ ಕಾಯ್ದೆಯಲ್ಲೇ ಹಾಗಿದೆ. ವಸೂಲಾದ ದುಡ್ಡು ಕಟ್ಟದೆ ಬಾಕಿ ಉಳಿಸ್ಕೊಳ್ಳೋದು ಹಳೇ ರೋಗ. ನಿಮ್ಮ ಶಾಖೆ ಇರೋದು ಜಿಲ್ಲಾ ಕೇಂದ್ರ ಗ್ರಂಥಾಲಯದ ಕೆಳಗೆ. ಹಾಗಾಗಿ "ಲೈಬ್ರರಿ ಬೇಕೋ ಬೇಡವೋ" ಅಂತ ತೀರ್ಮಾನ ಮಾಡೋದು ಆ ಸದಸ್ಯರ ಕೆಲಸ ಅಲ್ಲ. ನೀವು ಕೇಳ್ತಿರೋದು ಬರೀ ಜಾಗ. ಆ ಮಾತಿಗೆ ಗಟ್ಟಿಯಾಗಿ ನಿಲ್ಲಿ. "ಉಪಯೋಗ ಏನು" ಅನ್ನೋ ಬಲೆಗೆ ಬೀಳಬೇಡಿ.

ಮನವಿಯ ಒಂದು ಪ್ರತಿ ಜಿಲ್ಲಾ ಕೇಂದ್ರ ಗ್ರಂಥಾಲಯದ ಮುಖ್ಯ ಗ್ರಂಥಾಲಯಾಧಿಕಾರಿಗೂ ಕೊಟ್ಟು ಸ್ವೀಕೃತಿ ಹಾಕಿಸ್ಕೊಳ್ಳಿ.

ಪಿಡಿಎಫ್ ಪಾಂಡು
ಎಲ್ಲರೂ ಬೈಯ್ಯೋದು ಗೊತ್ತಿದ್ದೇ ಹೇಳ್ತೀನಿ, ಆ ಸದಸ್ಯರು ಹೇಳಿದ್ದರಲ್ಲಿ ತಪ್ಪೇನು? ನಮ್ಮೂರ ಲೈಬ್ರರೀಲಿ ಹತ್ತು ವರ್ಷದ ಹಿಂದಿನ ಸಾಮಾನ್ಯ ಜ್ಞಾನದ ಪುಸ್ತಕ ಇದೆ, ಅದರಲ್ಲಿ ಇರೋ ಮಂತ್ರಿಗಳಲ್ಲಿ ಅರ್ಧ ಜನ ಈಗ ಇಲ್ಲ. ಬೇಕಾದ್ದು ಟೆಲಿಗ್ರಾಂನಲ್ಲಿ ಸಿಗುತ್ತೆ. ಬಾಡಿಗೆ, ಕರೆಂಟು, ಸಂಬಳ ಎಲ್ಲ ಸೇರಿಸಿ ಅದೇ ದುಡ್ಡಲ್ಲಿ ಓದೋ ಮಕ್ಕಳಿಗೆ ಟ್ಯಾಬ್ ಕೊಡಬಹುದು.

ಮುದ್ರಣದೋಷ
ಟೆಲಿಗ್ರಾಂನಲ್ಲಿ ಸಿಗೋದು ಕದ್ದ ಮಾಲು, ಪಾಂಡು ಅವ್ರೇ. ನಾನು ಸಣ್ಣ ಪ್ರಕಾಶಕ. ಕನ್ನಡದಲ್ಲಿ ಎಷ್ಟೋ ಪುಸ್ತಕ ಅಚ್ಚಾಗೋದೇ 500 ಪ್ರತಿ. ಆಯ್ಕೆಯಾದ್ರೆ ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ 300 ಹೋಗುತ್ತೆ. ಆ 300 ಇಲ್ಲದಿದ್ರೆ ಕವನ ಸಂಕಲನ, ಸಂಶೋಧನೆ, ಜಾನಪದ ಯಾರೂ ಅಚ್ಚು ಹಾಕಲ್ಲ. ಊರಿನ ಲೈಬ್ರರಿ ಅಂದ್ರೆ ನಮಗೆ ಓದುಗರು ಮಾತ್ರ ಅಲ್ಲ, ಕಾಗದದ ಅಂಗಡಿ ಸಾಲ ತೀರಿಸೋ ದಾರಿ.

ಪಿಡಿಎಫ್ ಪಾಂಡು
ಅದಕ್ಕೇ ಲೈಬ್ರರಿಗೆ ಅಂತ್ಲೇ ಪುಸ್ತಕ ಬರೆಯೋರು ಹುಟ್ಕೊಂಡಿದ್ದಾರೆ. ಪುಟ ಜಾಸ್ತಿ ಮಾಡೋಕೆ ಅಕ್ಷರ ದಪ್ಪ ಮಾಡ್ತಾರೆ.

ಮುದ್ರಣದೋಷ
ಇದನ್ನ ಅಲ್ಲಗಳೆಯಲ್ಲ. ಪುಟದ ಲೆಕ್ಕದಲ್ಲಿ ಬೆಲೆ ಕಟ್ಟಿದ್ರೆ ಇನ್ನೇನಾಗುತ್ತೆ.

ಸಪ್ತಾಪುರ ರೂಮ್ ನಂ 4
ನಾ ಧಾರವಾಡದಾಗ ಪರೀಕ್ಷಾ ತಯಾರಿ ಮಾಡಾಕತ್ತೀನ್ರಿ, ಮೂರು ವರ್ಷ ಆತು. ಪಿಎಸ್ಐ ಒಮ್ಮೆ, ಪಿಡಿಒ ಒಮ್ಮೆ, ಹತ್ರ ಬಂದು ಹೋಗೇತಿ. ರೂಮಿನಾಗ ನಾಲ್ಕು ಮಂದಿ. ಒಬ್ಬಾವ ಓದೂ ಮುಂದ ಇನ್ನೊಬ್ಬಾವ ಅವ್ವನ ಜೋಡಿ ಫೋನಿನ್ಯಾಗ ಇರ್ತಾನ. ಇಲ್ಲಿ ಖಾಸಗಿ ರೀಡಿಂಗ್ ರೂಮ್ ಭಾಳ ಅದಾವ, ನಾ ಕೇಳಿದ್ದಕ್ಕ ತಿಂಗಳಿಗೆ 800 ಹೇಳಿದ್ರು. ಅಪ್ಪ ಕಳಸೂದ ಮೂರು ಸಾವಿರ. ಅದಕ್ಕ ಸರಕಾರಿ ಲೈಬ್ರರಿಗೆ ಹೊಂಟೆ. ಫ್ಯಾನ್ ತಿರಗತೈತಿ, ನೀರು ಐತಿ, ಸುತ್ತ ನಲವತ್ತು ಮಂದಿ ತಲಿ ಬಗ್ಗಿಸಿ ಓದಾಕತ್ತಿದ್ರ ನಮಗೂ ಮೊಬೈಲ್ ಮುಟ್ಟಾಕ ನಾಚಿಕಿ ಬರತೈತಿ. ಪಾಂಡು ಅಣ್ಣಾರು ಟ್ಯಾಬ್ ಕೊಡ್ತಾರಂತ, ಕುಂಡ್ರಾಕ ಜಾಗಾ ಯಾರು ಕೊಡ್ತಾರ ಕೇಳ್ರಿ.

ನಿಮ್ಮ ಸಭಾದಾಗ ಒಂದ ಕೇಳ್ರಿ ಸರ: ಈ ಊರಾಗ ರೊಕ್ಕ ಕೊಡದ, ಚಾ ಕುಡೀದ, ಯಾರೂ "ಯಾಕ ಕುಂತೀಯೋ" ಅನ್ನದ ಎರಡು ತಾಸು ಕುಂಡ್ರೂ ಜಾಗಾ ಗುಡಿ ಬಿಟ್ಟರ ಇನ್ನೊಂದು ಯಾವುದೈತಿ ಅಂತ.

ಜೆರಾಕ್ಸ್ ಅಂಗಡಿ
ಇದು ಬೇಕಿತ್ತು ನನಗೆ. ಬರ್ಕೊಂಡೆ.

ಶಾನುಭೋಗರ ಮೊಮ್ಮಗ
ಗುಡೀಲೂ ಮಧ್ಯಾಹ್ನ ಬಾಗಿಲು ಹಾಕ್ತಾರೆ.

ಕಾದಂಬರಿ ಸುಬ್ಬಮ್ಮ
ಎಲ್ಲರೂ ಆ ಹುಡುಗನ ಪೋಸ್ಟಿಗೆ ಭೇಷ್ ಅನ್ತಿದ್ದೀರಿ, ನನ್ನ ಸಂಕಟ ಯಾರೂ ಕೇಳಲ್ಲ. ನಲವತ್ತು ವರ್ಷದಿಂದ ಲೈಬ್ರರಿ ಸದಸ್ಯೆ ನಾನು. ಮದುವೆಯಾಗಿ ಬಂದ ಹೊಸದರಲ್ಲಿ ಸದಸ್ಯತ್ವಕ್ಕೆ ಗೆಜೆಟೆಡ್ ಅಧಿಕಾರಿ ಸಹಿ ಬೇಕು ಅಂದ್ರು. ಊರಲ್ಲಿ ಗೊತ್ತಿದ್ದೋರು ಅಂದ್ರೆ ದನದ ಡಾಕ್ಟ್ರು ಒಬ್ಬರೇ. ಅವರ ಸಹಿ ಹಾಕಿಸ್ಕೊಂಡು ಕಾರ್ಡ್ ಮಾಡಿಸಿದೆ. ಇವತ್ತಿಗೂ ನಮ್ಮ ಮನೆಯವರು ತಮಾಷೆ ಮಾಡ್ತಾರೆ.

ಈಗ ಅದೇ ಲೈಬ್ರರಿಗೆ ಹೋದ್ರೆ ಕೂರೋಕೆ ಕುರ್ಚಿ ಇಲ್ಲ. ಎಂಟೂವರೆಗೇ ಈ ಪರೀಕ್ಷೆ ಹುಡುಗರು ಬಂದು ಬ್ಯಾಗ್ ಇಟ್ಟು ಟಿಫಿನ್ನಿಗೆ ಹೋಗ್ತಾರೆ. ಮನೆಯಿಂದ ತಂದ ಪುಸ್ತಕ ಓದ್ತಾರೆ, ಲೈಬ್ರರಿ ಪುಸ್ತಕ ಒಂದೂ ಮುಟ್ಟಲ್ಲ. ಕಾದಂಬರಿ ಬೀರು ಮುಂದೆ ಅವರ ಮೇಜು. "ಸ್ವಲ್ಪ ಸರೀರಪ್ಪ, 894.814 ಸಾಲು ನೋಡ್ಬೇಕು" ಅಂದ್ರೆ ನಾನೇನೋ ಅವರ ನೌಕರಿ ಕಿತ್ಕೊಳ್ಳೋಕೆ ಬಂದ ಹಾಗೆ ನೋಡ್ತಾರೆ. ಅದು ಗ್ರಂಥಾಲಯವೋ ಪರೀಕ್ಷಾ ಕೊಠಡಿಯೋ?

ಸುಮ್ನೆ ಒಬ್ಬ
894 ಏನಮ್ಮ ಅದು, ಬಸ್ ನಂಬರಾ?

ಕಾದಂಬರಿ ಸುಬ್ಬಮ್ಮ
ಲೈಬ್ರರೀಲಿ ಪುಸ್ತಕ ವಿಷಯವಾರು ವಿಂಗಡಿಸೋ ಡ್ಯೂಯಿ ಲೆಕ್ಕದಲ್ಲಿ ಕನ್ನಡ ಸಾಹಿತ್ಯದ ನಂಬರ್ ಕಣಪ್ಪ. ಪುಸ್ತಕದ ಬೆನ್ನಿಗೆ ಚೀಟಿ ಅಂಟಿಸಿರ್ತಾರಲ್ಲ, ಅದು. ನನಗೆ ನಮ್ಮನೆ ಫೋನ್ ನಂಬರಿಗಿಂತ ಅದೇ ಚೆನ್ನಾಗಿ ಬಾಯಿಗೆ ಬರುತ್ತೆ.

ಸಪ್ತಾಪುರ ರೂಮ್ ನಂ 4
ಅಮ್ಮಾರ, ಬ್ಯಾಗ್ ಇಟ್ಟು ಹೋಗೂದು ತಪ್ಪು, ಒಪ್ಪಿದೆ. ಆದ್ರ ನಾವು ಲೈಬ್ರರಿ ಪುಸ್ತಕ ಮುಟ್ಟೂದಿಲ್ಲಂದ್ರ ಅಲ್ಲಿ ನಮಗ ಬೇಕಾದ ಪುಸ್ತಕ ಇಲ್ಲ. ಇದ್ದದ್ದರಾಗ ಮುಖ್ಯ ಪುಟಾನ ಯಾರೋ ಬ್ಲೇಡ್ ಹಾಕಿ ಒಯ್ದಿರ್ತಾರ.

ಮಾಜಿ ಲೈಬ್ರರಿ ನೌಕರ
ಕುರ್ಚಿಯೋ ಪುಸ್ತಕವೋ ಅನ್ನೋ ಈ ಜಗಳ ನಾನು ಸರ್ವೀಸ್ ಉದ್ದಕ್ಕೂ ನೋಡಿದ್ದೇನೆ. ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರ ಐದು ಸೂತ್ರಗಳಲ್ಲಿ (1931) ಮೊದಲನೆಯದು, ಪುಸ್ತಕ ಇರೋದು ಬಳಸೋಕೆ ಅಂತ. ನಮಗೆ ತರಬೇತೀಲಿ ಬಾಯಿಪಾಠ ಮಾಡಿಸಿದ್ರು. ಆದ್ರೆ ಆ ಸೂತ್ರ ವಿವರಿಸ್ತಾ ಅವರು ಏನೇನು ಚರ್ಚೆ ಮಾಡ್ತಾರೆ ಗೊತ್ತಾ? ಕಟ್ಟಡ ಎಲ್ಲಿರಬೇಕು, ಎಷ್ಟು ಹೊತ್ತು ತೆಗೆದಿರಬೇಕು, ಮೇಜು ಕುರ್ಚಿ ಹೇಗಿರಬೇಕು, ಸಿಬ್ಬಂದಿ ಎಂಥವರು. ಮೂಲತಃ ಗಣಿತದ ಮೇಷ್ಟ್ರು ಅವರು, ಆದ್ರೂ ಕುರ್ಚಿ ಬಿಡಲಿಲ್ಲ. ಕೊನೆಗೆ ನೆಲೆಸಿದ್ದು ಬೆಂಗಳೂರಲ್ಲೇ, 1962ರಲ್ಲಿ ಇಲ್ಲೇ ಡಿಆರ್‌ಟಿಸಿ ಅನ್ನೋ ಗ್ರಂಥಾಲಯ ವಿಜ್ಞಾನದ ತರಬೇತಿ ಕೇಂದ್ರ ಶುರು ಮಾಡಿದ್ರು, 1972ರಲ್ಲಿ ತೀರ್ಕೊಂಡಿದ್ದೂ ಇಲ್ಲೇ. ಆಗಸ್ಟ್ 12ಕ್ಕೆ ಗ್ರಂಥಪಾಲಕರ ದಿನ ಅಂತ ಅವರ ಫೋಟೋಗೆ ಹಾರ ಹಾಕ್ತೀವಿ, ಕುರ್ಚಿಗೆ ಇಂಡೆಂಟ್ ಹಾಕಿದ್ರೆ ಮಾತ್ರ ವಾಪಸ್ ಬರುತ್ತೆ.

ಸುಬ್ಬಮ್ಮನವರ ಮಾತೂ ಸರಿ. ಎರಡು ಕೋಣೆ ಸಿಗ್ತಿದೆ ಅಂದ್ರಲ್ಲ? ಒಂದು ಓದೋ ಹುಡುಗರಿಗೆ, ಒಂದು ಪುಸ್ತಕ ಎರವಲಿಗೆ. ಈಗ್ಲೇ ನಕ್ಷೆ ಬರೆದು ತಗೊಂಡು ಹೋಗಿ.

ಕುಂಬಳೆ ಭಟ್ರು
ನಮ್ಮದು ಗಡಿಯಾಚೆ, ಕಾಸರಗೋಡು ಜಿಲ್ಲೆ. ಇಲ್ಲಿ ಕ್ರಮ ಬೇರೆ ಉಂಟು. ಕೇರಳದಲ್ಲಿ ಲೈಬ್ರರಿ ಸರ್ಕಾರದ್ದಲ್ಲ, ಊರಿನವರದ್ದು. ಊರವರೇ ಸಮಿತಿ ಮಾಡಿ ನಡೆಸುವುದು, ಲೈಬ್ರರಿ ಕೌನ್ಸಿಲಿನಿಂದ ಗ್ರಾಂಟ್ ಬರುತ್ತದೆ. ಪಿ.ಎನ್. ಪಣಿಕ್ಕರ್ ಎನ್ನುವವರು 1945ರಲ್ಲಿ 47 ಗ್ರಂಥಾಲಯಗಳನ್ನು ಸೇರಿಸಿ ಸಂಘ ಕಟ್ಟಿದ್ದು, ಅದು ಹಬ್ಬಿ ಈಗ ಹೀಗಾಗಿದೆ. ನಮ್ಮ ವಾಚನಾಲಯದಲ್ಲಿ ಮಲಯಾಳ, ಕನ್ನಡ ಎರಡೂ ಕಪಾಟು. ಯಕ್ಷಗಾನದ ತಾಳಮದ್ದಳೆ ಅಲ್ಲೇ, ರಕ್ತದಾನ ಅಲ್ಲೇ, ಮಳೆಗಾಲದಲ್ಲಿ ಮಕ್ಕಳಿಗೆ ಚಿತ್ರಕಲೆ ಅಲ್ಲೇ. ಗಲಾಟೆಯೂ ಉಂಟು ಮಾರಾಯ್ರೆ, ಸಮಿತಿ ಚುನಾವಣೆಗೆ ಪಂಚಾಯತ್ ಚುನಾವಣೆಗಿಂತ ಜೋರು! ಆದರೆ ಮುಚ್ಚುತ್ತೇವೆ ಎಂದು ಯಾರಾದರೂ ಹೇಳಿದರೆ ಊರೇ ಎದ್ದು ಬರುತ್ತದೆ. ನಿಮ್ಮಲ್ಲಿ ಎಲ್ಲ ಇಲಾಖೆ ನೋಡಿಕೊಳ್ಳುತ್ತದೆಂದು ಊರವರು ಕೈಕಟ್ಟಿ ಕೂತದ್ದೇ ತೊಂದರೆ ಎಂದು ನನಗೆ ಕಾಣುವುದು.

ಶಾನುಭೋಗರ ಮೊಮ್ಮಗ
ಭಟ್ರೇ, ನಮ್ಮಲ್ಲೂ ಊರವರು ಕಟ್ಟಿದ್ದು ಬೇಕಾದಷ್ಟಿದೆ. ಧಾರವಾಡದ ವಿದ್ಯಾವರ್ಧಕ ಸಂಘ 1890ರದ್ದು, ಶಿವಮೊಗ್ಗದ ಕರ್ನಾಟಕ ಸಂಘ 1930ರದ್ದು. ಸರ್ಕಾರ ಕಟ್ಟಿಸಿದ್ದಲ್ಲ. ಇನ್ನು ಪಾಂಡವಪುರದ ಹತ್ತಿರ ಹರಳಹಳ್ಳಿಯ ಪುಸ್ತಕ ಮನೆ ನೋಡಿ. ಅಂಕೇಗೌಡರು ಬಸ್ ಕಂಡಕ್ಟರ್ ಆಗಿದ್ದವರು, ಆಮೇಲೆ ಸಕ್ಕರೆ ಕಾರ್ಖಾನೆ ಕೆಲಸ. ಸಂಬಳವೆಲ್ಲ ಪುಸ್ತಕಕ್ಕೆ ಸುರಿದು ಲಕ್ಷಗಟ್ಟಲೆ ಕೂಡಿಸಿದ್ದಾರೆ. ಕಪಾಟಿನಲ್ಲಿ ಜಾಗ ಸಾಲದೆ ನೆಲದ ಮೇಲೂ ರಾಶಿ.

ಪಿಡಿಎಫ್ ಪಾಂಡು
ರಾಶಿಯಲ್ಲಿ ಬೇಕಾದ್ದು ಹುಡುಕೋದು ಹೇಗೆ?

ಶಾನುಭೋಗರ ಮೊಮ್ಮಗ
ಟೆಲಿಗ್ರಾಂನಲ್ಲಿ ಹುಡುಕಿದ ಹಾಗೆ.

ಅರಿವು ಕೇಂದ್ರ ಅಕ್ಕ
ನಾನು ಒಂದು ಗ್ರಾಮ ಪಂಚಾಯಿತಿ ಲೈಬ್ರರಿ ಮೇಲ್ವಿಚಾರಕಿ. 2019ರಲ್ಲಿ ನಮ್ಮನ್ನೆಲ್ಲ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಇಲಾಖೆಗೆ ವರ್ಗ ಮಾಡಿದರು. ಈಗ ಬೋರ್ಡ್ ಮೇಲೆ "ಅರಿವು ಕೇಂದ್ರ" ಅಂತಿದೆ. ರಾಜ್ಯದಲ್ಲಿ ಇಂಥವು 5,000ಕ್ಕೂ ಹೆಚ್ಚಿವೆ. 2020ರ ಮಕ್ಕಳ ದಿನಾಚರಣೆಗೆ "ಓದುವ ಬೆಳಕು" ಶುರುವಾಯ್ತು, ಮಕ್ಕಳಿಗೆ ಸದಸ್ಯತ್ವ ಉಚಿತ. ಆವಾಗ ಕೊರೊನಾ, ಶಾಲೆ ಮುಚ್ಚಿತ್ತು. ನಮ್ಮೂರಲ್ಲಿ ಟ್ಯಾಬ್ ಇದ್ದ ಮಗು ಒಂದೂ ಇರಲಿಲ್ಲ.

ಏನು ಉಪಯೋಗ ಅಂತೀರಾ. ನಿನ್ನೆ ಒಂದೇ ದಿನದ್ದು ಹೇಳ್ತೀನಿ. ಬೆಳಗ್ಗೆ ಒಬ್ಬ ಅಜ್ಜಿ ವಿಧವಾ ವೇತನ ಯಾಕೆ ನಿಂತಿದೆ ಅಂತ ಪಾಸ್‌ಬುಕ್ ಓದಿಸ್ಕೊಂಡು ಹೋದ್ರು. ಅದು ನನ್ನ ಕೆಲಸ ಅಲ್ಲ, ಆದ್ರೆ ಅಕ್ಷರ ಬಲ್ಲವಳು ಬಾಗಿಲು ತೆಗೆದು ಕೂತಿರೋ ಜಾಗ ಇದೊಂದೇ. ಇಬ್ಬರು ಹುಡುಗೀರು ಸ್ಕಾಲರ್‌ಶಿಪ್ ಅರ್ಜಿ ಕಂಪ್ಯೂಟರ್‌ನಲ್ಲಿ ತುಂಬಿದ್ರು. ಶಾಲೆ ಬಿಟ್ಟ ಮೇಲೆ ಹದಿನೇಳು ಮಕ್ಕಳು. ಅದರಲ್ಲಿ ಒಬ್ಬಳು ನಾಲ್ಕನೇ ಕ್ಲಾಸು, ತಮ್ಮನನ್ನ ಸೊಂಟದ ಮೇಲೆ ಕೂರಿಸ್ಕೊಂಡೇ ಬರ್ತಾಳೆ. ಅವನಿಗೆ ಒಂದು ಚಿತ್ರದ ಪುಸ್ತಕ ಕೊಟ್ಟು ನೆಲಕ್ಕೆ ಬಿಟ್ಟು ತಾನು ಓದೋಕೆ ಕೂರ್ತಾಳೆ. ಮೊನ್ನೆ ಆ ಪುಸ್ತಕದ ಮೂಲೆ ಅವನು ತಿಂದು ಹಾಕಿದ್ದ. ರಿಜಿಸ್ಟರಿನಲ್ಲಿ ಏನಂತ ಬರೀಲಿ? "ಹರಿದಿದೆ" ಅಂತ ಬರೆದೆ.

ಕಾದಂಬರಿ ಸುಬ್ಬಮ್ಮ
ಅಕ್ಕಾ, ನಿಮ್ಮ ಕೈ ತಣ್ಣಗಿರ್ಲಿ.

ಟೈಲರಿಂಗ್ ಮಂಜುಳಾ
ಯಾರೂ ಹೇಳದ ಒಂದು ಮಾತು: ಶೌಚಾಲಯ. ಚಿಕ್ಕವಳಿದ್ದಾಗ ದಿನಾ ಲೈಬ್ರರಿಗೆ ಹೋಗ್ತಿದ್ದೆ. ಎಂಟನೇ ಕ್ಲಾಸಿಗೆ ಬಂದ ಮೇಲೆ ನಿಲ್ಲಿಸಿದೆ. ಯಾರೂ ಬೇಡ ಅನ್ಲಿಲ್ಲ, ಅಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯ ಇರಲಿಲ್ಲ ಅಷ್ಟೇ. ಪೇಪರ್ ಮೇಜಿನ ಸುತ್ತ ಬರೀ ಗಂಡಸರು. ಪುರಸಭೆ ಕೋಣೆ ಕೇಳೋವಾಗ ಇದನ್ನೂ ಬರೆದು ಕೇಳಿ. ಇಲ್ಲಾಂದ್ರೆ "ಊರಿಗೆ ಉಪಯೋಗ" ಅಂತ ಹೇಳಬೇಡಿ, "ಊರಿನ ಗಂಡಸರಿಗೆ ಉಪಯೋಗ" ಅಂತ ಹೇಳಿ.

ಜೆರಾಕ್ಸ್ ಅಂಗಡಿ
ಮಂಜುಳಾ ಅವ್ರೇ, ನಾಚಿಕೆ ಆಯ್ತು. ಮೂವತ್ತು ವರ್ಷ ಎದುರಿಗೆ ಕೂತಿದ್ದೀನಿ, ಇದು ತಲೆಗೇ ಬಂದಿರಲಿಲ್ಲ. ಮಹಡೀಲಿ ಈಗಲೂ ಇಲ್ಲ. ಅರ್ಜೀಲಿ ಸೇರಿಸ್ತೀನಿ.

ಎಡಿಸನ್ ಎಡವಟ್ಟು
ನ್ಯೂಜೆರ್ಸಿಯಿಂದ. ಇಲ್ಲಿ ಟೌನ್ ಲೈಬ್ರರೀಲಿ ಪುಟ್ಟ ಮಕ್ಕಳಿಗೆ ಕಥೆ ಹೇಳೋ ಕಾರ್ಯಕ್ರಮ ಇರುತ್ತೆ, ನಮ್ಮ ಅಪ್ಪ ಅಮ್ಮ ಬಂದಾಗ ಮಧ್ಯಾಹ್ನ ಕಳೆಯೋದು ಅಲ್ಲೇ. ಇವರಲ್ಲಿಲ್ಲದ ಪುಸ್ತಕ ಬೇರೆ ಲೈಬ್ರರಿಯಿಂದ ತರಿಸ್ಕೊಡ್ತಾರೆ. ಪಕ್ಕದ ನ್ಯೂಯಾರ್ಕ್ ನಗರದಲ್ಲಂತೂ 2021ರಲ್ಲಿ ತಡವಾದ್ದಕ್ಕೆ ದಂಡ ಹಾಕೋದನ್ನೇ ನಿಲ್ಲಿಸಿಬಿಟ್ರು. ನಮ್ಮಲ್ಲಿ ಯಾಕೆ

ಸುಮ್ನೆ ಒಬ್ಬ
ಬಂತು ನೋಡಿ, ಫಾರಿನ್ ಪುರಾಣ.

ಎಡಿಸನ್ ಎಡವಟ್ಟು
ಪೂರ್ತಿ ಬರೆಯೋಕೂ ಮುಂಚೆ ಬೆರಳು ತಾಗಿ ಹೋಯ್ತು! ಹೇಳಬೇಕಾಗಿದ್ದು ಇಷ್ಟೇ, ನಮ್ಮ ಟೌನಿನಲ್ಲಿ ಇಷ್ಟೆಲ್ಲ ಇದ್ದೂ ಕನ್ನಡ ಪುಸ್ತಕ ಒಂದಿಲ್ಲ. ಅಮ್ಮ ವಾರಪತ್ರಿಕೆ ಕೇಳ್ತಾರೆ. ಊರಿಗೆ ಹೋದಾಗ ಮೊದಲು ಓಡೋದು ಅವರ ಹಳೇ ಲೈಬ್ರರಿಗೆ, ಧಾರಾವಾಹಿಯ ತಪ್ಪಿದ ಕಂತು ಓದೋಕೆ.

ಪದಬಂಧ ಪ್ರೇಮಿ
ವಾರಪತ್ರಿಕೆ ಅಂದಾಗ ನೆನಪಾಯ್ತು. ನಮ್ಮ ಲೈಬ್ರರೀಲಿ ಯಾರೋ ಮಹಾನುಭಾವ ಪತ್ರಿಕೆ ಬಂದ ಅರ್ಧ ಗಂಟೇಲಿ ಪದಬಂಧ ಪೆನ್ನಲ್ಲಿ ತುಂಬಿಬಿಡ್ತಾರೆ. ಅದೂ ತಪ್ಪು ತಪ್ಪು. ಇವರಿಗೆ ಶಿಕ್ಷೆ ಇಲ್ಲವೇ?

ಮಾಜಿ ಲೈಬ್ರರಿ ನೌಕರ
ಆ ಮಹಾನುಭಾವರು ಪ್ರತಿ ಊರಲ್ಲೂ ಒಬ್ಬರು ಇದ್ದಾರೆ. ನಾನು ಐದು ಕಡೆ ಕೆಲಸ ಮಾಡಿದ್ದೇನೆ, ಐದು ಕಡೆಯೂ ಇದ್ದರು.

ಸುಮ್ನೆ ಒಬ್ಬ
ವರ್ಗಾವಣೆ ನಿಮ್ಮ ಜೊತೇಲೇ ಆಗ್ತಿತ್ತೇನೋ.

ಪಿಡಿಎಫ್ ಪಾಂಡು
ಸರಿ, ಒಂದು ಹೆಜ್ಜೆ ಹಿಂದೆ ಹೋಗ್ತೀನಿ. ಟ್ಯಾಬ್ ಮಾತು ವಾಪಸ್. ಆದ್ರೆ ಹಳೇ ಪುಸ್ತಕ ತೆಗೆದು ಹಾಕಿ ಅನ್ನೋದು ವಾಪಸ್ ಇಲ್ಲ. ಆಮೇಲೆ ಸೋಮವಾರ ರಜೆ ಯಾಕೆ? ಭಾನುವಾರ ತೆಗೆದಿರೋದು ಒಳ್ಳೇದೇ, ಆದ್ರೆ ಸಂಜೆ ಕೆಲಸ ಬಿಟ್ಟು ಬರೋರಿಗೆ ಬಾಗಿಲು ಹಾಕಿರುತ್ತೆ.

ಕುಂಬಳೆ ಭಟ್ರು
ನಮ್ಮಲ್ಲಿ ಸಂಜೆಯೇ ತೆಗೆಯುವುದು. ಬೆಳಿಗ್ಗೆ ಎಲ್ಲರೂ ತೋಟದಲ್ಲಿ.

ಜೆರಾಕ್ಸ್ ಅಂಗಡಿ
ಗುರುವಾರ ರಾತ್ರಿ. ಸಭೆ ಮುಗೀತು. ಮೂರು ನಿಮಿಷ ಅಂದ್ಕೊಂಡಿದ್ದೆ, ಒಂದೂವರೆ ಸಿಕ್ತು. ಮೊದಲು ರಸೀದಿ ಎತ್ತಿ ಹಿಡಿದು "ಇದು ನನ್ನ ಮನೇದು, ಗ್ರಂಥಾಲಯ ಕರ 144 ರೂಪಾಯಿ" ಅಂದೆ. ಸದಸ್ಯರು ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. ಅದೇ ಕಾಫಿ ಕೊಟ್ಟ ಸದಸ್ಯರು "ಇದು ನಮ್ಮ ರಸೀದೀಲೂ ಇರುತ್ತಾ?" ಅಂತ ಪಕ್ಕದವರನ್ನ ಕೇಳಿದ್ದು ಮೈಕಲ್ಲಿ ಬಂತು. ಆಮೇಲೆ ಧಾರವಾಡದ ತಮ್ಮನ ಪ್ರಶ್ನೆ ಕೇಳಿದೆ, ದುಡ್ಡು ಕೊಡದೆ ಕೂರೋ ಜಾಗ ಊರಲ್ಲಿ ಯಾವುದಿದೆ ಅಂತ. ಹಿಂದಿನ ಸಾಲಿಂದ ಯಾರೋ "ಬಸ್ ಸ್ಟ್ಯಾಂಡ್" ಅಂದ್ರು, ಎಲ್ಲ ನಕ್ರು. ಶೌಚಾಲಯದ ಮಾತು ನಾನು ಮರೆತೇಬಿಟ್ಟೆ, ಸಭೇಲಿದ್ದ ಒಬ್ಬ ಆಶಾ ಕಾರ್ಯಕರ್ತೆ ಅರ್ಜಿ ನನ್ನ ಕೈಯಿಂದ ತಗೊಂಡು ತಾವೇ ಓದಿದ್ರು.

ಒಂದು ಕೋಣೆ ಕೊಡೋ ಬಗ್ಗೆ "ಪರಿಶೀಲಿಸುವುದು" ಅಂತ ನಡಾವಳೀಲಿ ಬರೆಸಿದ್ದೀವಿ. ಇನ್ನೊಂದರಲ್ಲಿ ಫಾಗಿಂಗ್ ಮಷಿನ್ ಇಟ್ಟಿದ್ದಾರಂತೆ.

ಮಾಜಿ ಲೈಬ್ರರಿ ನೌಕರ
"ಪರಿಶೀಲಿಸುವುದು" ಅಂದ್ರೆ ಏನೂ ಇಲ್ಲ. ನಡಾವಳಿಯ ದೃಢೀಕೃತ ನಕಲು ತಗೊಳ್ಳಿ, ಹದಿನೈದು ದಿನ ಬಿಟ್ಟು ಮತ್ತೆ ಹೋಗಿ. ಕೋಣೇಲಿ ಗೆದ್ದಲು ಇದೆಯಾ ನೋಡಿದ್ರಾ?

ಕಾದಂಬರಿ ಸುಬ್ಬಮ್ಮ
ಒಂದೇ ಕೋಣೆ ಅಂದ್ರೆ ಮತ್ತೆ ನನಗೂ ಆ ಹುಡುಗರಿಗೂ ಜಗಳ.

ಸಪ್ತಾಪುರ ರೂಮ್ ನಂ 4
ಅಮ್ಮಾರ, ಕಾದಂಬರಿ ಬೀರು ಬಾಗಲಾ ಹತ್ರ ಇಡ್ರಿ ಅಂತ ಹೇಳ್ರಿ. ನಾವು ಗ್ವಾಡಿ ಕಡೆ ಕುಂಡ್ರತೀವಿ.

ಜೆರಾಕ್ಸ್ ಅಂಗಡಿ
ಗೆದ್ದಲು ಇದೆ ಸಾರ್, ಒಂದು ಗೋಡೇಲಿ. ನಾಳೆ ಹೋಟೆಲ್ ಹುಡುಗ, ನಾನು, ಇನ್ನಿಬ್ಬರು ಹೋಗಿ ನೋಡ್ತೀವಿ. ಎರಡೂವರೆ ಮೇಲೆ, ಅವನಿಗೆ ಬಿಡುವಾದ್ಮೇಲೆ. ಯಾರಾದ್ರೂ ಅಂಗಡಿ ಮುಚ್ಚಿ ಹಳೇ ಕಬ್ಬಿಣದ ರ‍್ಯಾಕ್ ಮಾರೋರಿದ್ರೆ ಇಲ್ಲೇ ತಿಳಿಸಿ, ಮರದ್ದು ಬೇಡ.